ಪುಕ್ಕಟೆ ಸೌದೆಯ ಪುರಾಣ

ಪುನರ್ವಸು ಮಳೆ ಹಿಡಿದು ಒಂಬತ್ತನೆಯ ದಿನ, ವರದಹಳ್ಳಿಯ ಆಶ್ರಮದ ಗುಡ್ಡವು ಮಂಜಿನೊಳಗೆ ಸಂಪೂರ್ಣವಾಗಿ ಅಡಗಿಹೋಗಿದ್ದ ಒಂದು ಮಧ್ಯಾಹ್ನ, ನಮ್ಮ ಜಗುಲಿಯನ್ನೇರಿ ಇನ್ನೂ ಕೊಡೆಯನ್ನು ಮಡಚುತ್ತಿರುವಾಗಲೇ ನೆರೆಮನೆಯ ಭಾವನವರು ನನ್ನನ್ನು ಕೇಳಿದರು: “ಎಂತ ಭಾವ, ಮಳೆಗಾಲದಲ್ಲಿ ಏಸಿ ಹಾಕ್ಸಿದ್ಯಡ! ನಿಂಗೆ ಸೆಖೆಯಾ?” ಅವರ ಹಿಂದೆ ಬಂದ ಇನ್ನಿಬ್ಬರು ನಕ್ಕರು, ನಾನೂ ನಕ್ಕೆನು. ಆದರೆ ಆ ನಗೆಯ ಕೆಳಗೆ ಒಂದು ತೀರ್ಪು ಅಡಗಿತ್ತು. ಸಾಗರ, ಹೊಸನಗರ, ತೀರ್ಥಹಳ್ಳಿ ಈ ಮೂರು ಸೀಮೆಗಳ ಸಂಭಾವಿತ ಗೃಹಸ್ಥರು ಏಕಕಂಠದಿಂದ ನೀಡಿ, ಮರುವಿಚಾರಣೆಗೆ ಎಡೆಯಿಲ್ಲದಂತೆ ಮುಚ್ಚಿಟ್ಟಿರುವ ತೀರ್ಪು ಅದು: ಮಲೆನಾಡಿನವನಿಗೆ ಚಳಿ ಕಳೆಯಲು ಒಲೆಯೊಂದೇ ಸಾಕು, ಅದಕ್ಕೆಂದು ಯಂತ್ರವನ್ನು ತಂದವನು ಒಂದೋ ಮೂರ್ಖನು, ಇಲ್ಲವೆ ಬೆಂಗಳೂರಿನ ಮಗನ ದುಡ್ಡಿನಿಂದ ಮದವೇರಿದವನು.

ನನ್ನ ಮಗನು ಬೆಂಗಳೂರಿನಲ್ಲಿರುವುದು ನಿಜ; ಯಂತ್ರದ ದುಡ್ಡು ಮಾತ್ರ ಅಡಿಕೆಯದು. ಎಂಬತ್ತಾರು ವರ್ಷದ ಆಯಿಯು, ಎಂದರೆ ನನ್ನ ತಾಯಿಯು, ಮಲಗುವ, ಮುಚ್ಚಿಗೆಯಿರುವ ಒಳಕೋಣೆಯ ಗೋಡೆಗೆ ಒಂದು ಪೆಟ್ಟಿಗೆ, ಹಿತ್ತಿಲ ಗೋಡೆಗೆ ಇನ್ನೊಂದು ಪೆಟ್ಟಿಗೆ, ಎರಡರ ನಡುವೆ ಬೆರಳುಗಾತ್ರದ ಎರಡು ತಾಮ್ರದ ಪೈಪುಗಳು, ನಾನು ಹಾಕಿಸಿದ್ದು ಇಷ್ಟೆ. ಮನೆಯುದ್ದಕ್ಕೂ ಗಾಳಿಯ ಕೊಳವೆಗಳನ್ನು ಎಳೆಯುವ ದೊಡ್ಡ ಕಟ್ಟಡಗಳ ಗೋಜು ಇದರಲ್ಲಿಲ್ಲ. ಬೇಸಗೆಯಲ್ಲಿ ತಂಪು, ಮಳೆಗಾಲದಲ್ಲಿ ಬಿಸಿ, ಎರಡನ್ನೂ ಕೊಡುವ ಜಾತಿಯದು.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ನಿಲ್ಲಿಸಿದ ಮೇಲಲ್ಲದೆ ಖಂಡನಕ್ಕೆ ತೊಡಗುವುದು ನಮ್ಮ ಹಿರಿಯರ ವಾದಪದ್ಧತಿಯಲ್ಲವಾದುದರಿಂದ, ಪ್ರತಿಪಕ್ಷದವರು ಜಗುಲಿಯ ಮೇಲೆ, ಸೊಸೈಟಿಯ ಕಟ್ಟೆಯ ಮೇಲೆ, ಮದುವೆಮನೆಯ ಪಂಕ್ತಿಯಲ್ಲಿ ನನಗೆ ಹೇಳಿದುದನ್ನೆಲ್ಲ ನಾನು ಪ್ರಾಮಾಣಿಕವಾಗಿಯೇ ಇಲ್ಲಿಡುವೆನು. ಏಸಿಯೆಂಬುದು ತಂಪಿನ ಯಂತ್ರ, ಅದಕ್ಕೆ ಇಲ್ಲೇನು ಕೆಲಸ ಎಂಬುದು ಒಂದು. ವಿದ್ಯುತ್ತಿನಿಂದ ಬಿಸಿ ಮಾಡಹೊರಟವನ ಮನೆಯ ಮೀಟರು ಬೀಸುಗಲ್ಲಿನಂತೆ ತಿರುಗುವುದೆಂಬುದು ಇನ್ನೊಂದು. ಬೆಟ್ಟದಲ್ಲಿ ಸೌದೆಯುಂಟು, ತೋಟದಲ್ಲಿ ಸೋಗೆ ಹಾಳೆಗಳುಂಟು, ಅಂಗಳದಲ್ಲಿ ಅಡಿಕೆ ಸಿಪ್ಪೆಯ ರಾಶಿಯುಂಟು, ಇವೆಲ್ಲವೂ ಪುಕ್ಕಟೆಯಾಗಿರುವಾಗ ಕಾಸು ಕೊಟ್ಟು ಬಿಸಿಯನ್ನು ಕೊಳ್ಳುವುದೇ ಅವಿವೇಕವೆಂಬುದು ಮೂರನೆಯದು. ಮಿಕ್ಕೆರಡರ ಬೇರೂ ಇದರಲ್ಲಿಯೇ ಇದೆ. ಇವೆಲ್ಲಕ್ಕೂ ಮೇಲೆ, ಮಾತಿಗೆ ಸೋತಾಗ ತೆಗೆಯುವ ಬ್ರಹ್ಮಾಸ್ತ್ರವೊಂದುಂಟು: ನಮ್ಮ ಹಿರಿಯರು ಹೀಗೆಯೇ ಬಾಳಲಿಲ್ಲವೆ?

ಮೊದಲನೆಯದು ಹೆಸರಿನಿಂದ ಹುಟ್ಟಿದ ಭ್ರಾಂತಿ. ತಂಪು ಎಂಬುದೊಂದು ಪದಾರ್ಥವಲ್ಲ; ಇರುವುದು ಶಾಖವೊಂದೇ. ಅದನ್ನು ಇದ್ದೆಡೆಯಿಂದ ಎತ್ತಿ ಬೇರೆಡೆಗೆ ಸುರಿಯುವುದಷ್ಟೆ ಈ ಯಂತ್ರದ ಕಸುಬು. ಒಳಗಿನ ಶಾಖವನ್ನು ಹೊರಕ್ಕೆ ಸುರಿದರೆ ಒಳಗೆ ತಂಪು. ದಿಕ್ಕನ್ನು ತಿರುಗಿಸಿ ಹೊರಗಿನದನ್ನು ಒಳಕ್ಕೆ ಸುರಿದರೆ ಒಳಗೆ ಬಿಸಿ. ಮಳೆಗಾಲದ ಹೊರಗಾಳಿಯಲ್ಲಿ ಶಾಖವೆಲ್ಲಿದೆ ಎಂದು ಕೇಳುವವರು ತಮ್ಮ ಫ್ರಿಜ್ಜಿನ ಹಿಂಬದಿಗೆ ಒಮ್ಮೆ ಅಂಗೈಯನ್ನೊಡ್ಡಲಿ. ಒಳಗಿಟ್ಟ ಹಾಲಿನಿಂದ ಹೀರಿದ ಶಾಖವೇ ಅಲ್ಲಿ ಅವರ ಕೈಗೆ ತಾಗುವುದು. ತಣ್ಣನೆಯ ಹಾಲಿನಿಂದಲೂ ಶಾಖವನ್ನು ಹಿಂಡಬಹುದಾದರೆ ಇಪ್ಪತ್ತು ಡಿಗ್ರಿಯ ಗಾಳಿಯಿಂದ ಹಿಂಡಲಾಗದೆ? ಇದು ನಿನ್ನೆಯ ಕಂಪೆನಿಯವರು ಹೆಣೆದ ಮಾತೂ ಅಲ್ಲ. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧನಾದ ವಿಲಿಯಂ ಥಾಮ್ಸನ್ ಎಂಬ ಪಂಡಿತನು ಒಂದೇ ಬಗೆಯ ಯಂತ್ರದಿಂದ ಮನೆಗಳನ್ನು ಬೆಚ್ಚಗೂ ತಣ್ಣಗೂ ಇರಿಸಬಹುದೆಂದು 1852ರಲ್ಲಿಯೇ ಬರೆದನು. 1938ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ನಗರದವರು ಲಿಮ್ಮಾಟ್ ಹೊಳೆಯ ತಣ್ಣೀರಿನಿಂದ ಶಾಖವನ್ನೆತ್ತಿ ತಮ್ಮ ಪುರಭವನವನ್ನು ಕಾಯಿಸಿದರು. ನಮ್ಮಲ್ಲಿ ಇದಿನ್ನೂ ತಮಾಷೆಯ ವಸ್ತುವಾಗಿ ಉಳಿದಿದೆ. ಪೇಟೆಯ ಅಂಗಡಿಯೊಂದರಲ್ಲಿ ಬಿಸಿ ಕೊಡುವುದು ಇದೆಯೇ ಎಂದು ವಿಚಾರಿಸಿದಾಗ, “ಇಲ್ಲಿ ಅದನ್ನು ಯಾರು ಕೇಳ್ತಾರೆ ಸಾರ್?” ಎಂದು ಅಲ್ಲಿಯ ಹುಡುಗನು ನನ್ನನ್ನು ಕರುಣೆಯಿಂದಲೇ ನೋಡಿದನು. ಏಪ್ರಿಲಿನ ಬಿಸಿಲಿಗೆಂದು ತಾರಸಿ ಮನೆಗಳಿಗೆ ಕೇವಲ ತಂಪಿನ ಏಸಿಯನ್ನು ಹಾಕಿಸಿ, ಮಿಕ್ಕ ತಿಂಗಳುಗಳಲ್ಲಿ ಅದಕ್ಕೆ ಗೋಣಿಚೀಲ ಹೊದೆಸಿಡುವವರನ್ನು ಕಂಡು ಯಾರೂ ನಗುವುದಿಲ್ಲ! ಎರಡು ತಿಂಗಳಿಗೆ ಬೇಕಾದುದು ಪ್ರತಿಷ್ಠೆ; ನಾಲ್ಕು ತಿಂಗಳಿಗೆ ಬೇಕಾದುದು ಹುಚ್ಚು.

ಮೀಟರಿನ ಮಾತಿಗೆ ಬರೋಣ. ಇಲ್ಲಿ ನಮ್ಮವರು ಮಾಡುವ ಪ್ರಮಾದವೆಂದರೆ ಕಾಯಿಲ್ ಕೆಂಪಗೆ ಕಾದು ಬಿಸಿಯನ್ನುಗುಳುವ ಹೀಟರನ್ನೂ ಇದನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು. ಕಾಯಿಲಿನ ಹೀಟರು ವಿದ್ಯುತ್ತನ್ನೇ ಸುಟ್ಟು ಶಾಖವಾಗಿಸುವುದರಿಂದ ಒಂದು ಯೂನಿಟ್ ಕೊಟ್ಟರೆ ಒಂದು ಯೂನಿಟ್ ಶಾಖವೇ ಹೊರತು ಕಾಳಷ್ಟೂ ಹೆಚ್ಚಿಗೆ ಬಾರದು. ಈ ಯಂತ್ರವೋ, ತೋಟದ ಪಂಪ್‌ಸೆಟ್ಟಿನಂತೆ. ಪಂಪು ನೀರನ್ನು ಸೃಷ್ಟಿಸುವುದಿಲ್ಲ, ಹಳ್ಳದಲ್ಲಿದ್ದುದನ್ನು ಮೇಲಕ್ಕೆತ್ತುತ್ತದೆ. ಎಷ್ಟು ಎತ್ತರಕ್ಕೆ ಎತ್ತಬೇಕೆಂಬುದರ ಮೇಲೆ ವಿದ್ಯುತ್ತಿನ ಖರ್ಚು ನಿಂತಿದೆ ಎಂಬುದನ್ನು ಅಡಿಕೆ ಬೆಳೆಗಾರನಿಗೆ ನಾನು ಕಲಿಸಬೇಕಾಗಿಲ್ಲ. ಹೊರಗೆ ಮಂಜುಗಡ್ಡೆ ಬಿದ್ದಿರುವ ನಾರ್ವೆಯಂಥ ದೇಶಗಳಲ್ಲಿ ಶಾಖವನ್ನು ಇಪ್ಪತ್ತು ಮೂವತ್ತು ಡಿಗ್ರಿಗಳಷ್ಟು ಎತ್ತಬೇಕು. ಆದರೂ ಆ ಜನರು ಇದನ್ನೇ ನೆಚ್ಚಿದ್ದಾರೆ. ನಮ್ಮಲ್ಲಿ ಆಷಾಢದ ರಾತ್ರಿ ಹೊರಗಿರುವುದು ಇಪ್ಪತ್ತೊಂದು ಡಿಗ್ರಿ, ಆಯಿಗೆ ಬೇಕಾದುದು ಇಪ್ಪತ್ತಾರು; ಐದೇ ಮೆಟ್ಟಿಲಿನ ಏರಿಕೆ. ಇಂಥ ಅನುಕೂಲದಲ್ಲಿ ಒಂದು ಯೂನಿಟ್ಟಿಗೆ ಮೂರು ನಾಲ್ಕು ಯೂನಿಟ್ಟಿನಷ್ಟು ಶಾಖ ಒಳಬರುವುದು. 2000 ವಾಟಿನ ಹೀಟರು ಒಂದು ಗಂಟೆಯಲ್ಲಿ ಎರಡು ಯೂನಿಟ್ ತಿಂದು ಮಾಡುವ ಕೆಲಸವನ್ನು ಇದು ಅರ್ಧ ಮುಕ್ಕಾಲು ಯೂನಿಟ್ಟಿನಲ್ಲಿ ಮುಗಿಸುವುದು. ಚಳಿಯ ದೇಶದವರಿಗಿಂತ ನಮಗೇ ಹೆಚ್ಚು ಒಪ್ಪುವ ಯಂತ್ರವನ್ನು ಚಳಿಯಿಲ್ಲವೆಂಬ ಕಾರಣದಿಂದ ನಾವು ತಳ್ಳಿಹಾಕಿದ್ದೇವೆ!

2023ರಲ್ಲಿ ಸರ್ಕಾರದ ಉಚಿತ ವಿದ್ಯುತ್ತಿನ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ಭಯಕ್ಕೆ ಹೊಸದೊಂದು ಬಣ್ಣ ಬಂದಿದೆ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕಾಗುವುದರಿಂದ, ಆ ಗೆರೆಯನ್ನು ಲಕ್ಷ್ಮಣರೇಖೆಯೆಂದೇ ನಮ್ಮವರು ಭಾವಿಸಿದ್ದಾರೆ. ದಾನವಾಗಿ ಬಂದುದನ್ನು ಕಳೆದುಕೊಳ್ಳುವ ಸಂಕಟವು ಸ್ವಂತ ದುಡ್ಡನ್ನು ಕಳೆದುಕೊಳ್ಳುವ ಸಂಕಟಕ್ಕಿಂತ ದೊಡ್ಡದೋ ಏನೋ. ಅಡಿಕೆಗೆ ಒಳ್ಳೆಯ ಧಾರಣೆ ಬಂದ ವರ್ಷ ಕಾರು ಬದಲಾಯಿಸುವ ಗೃಹಸ್ಥನು ಮೆಸ್ಕಾಂ ಬಿಲ್ಲಿನ ಕೊನೆಯ ಸಾಲನ್ನು ಕನ್ನಡಕ ಹಾಕಿಕೊಂಡು ಓದುತ್ತಾನೆ.

ಶಾಖದ ಮಾತಿನಲ್ಲಿ ತೇವದ ಮಾತನ್ನು ಮರೆಯಬಾರದು. ಮಲೆನಾಡಿನ ನಿಜವಾದ ಶತ್ರುವು ಚಳಿಗಿಂತ ಹೆಚ್ಚಾಗಿ ಥಂಡಿಯೇ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷದ ಸರಾಸರಿ ಮಳೆ 7000 ಮಿಲಿಮೀಟರನ್ನು ಮೀರುವುದೆಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ ಆ ಮಳೆಯು ಮನೆಯೊಳಗೆ ಏನು ಮಾಡುವುದೆಂಬುದನ್ನು ಪೆಟ್ಟಿಗೆ ತೆಗೆದವರೇ ಬಲ್ಲರು: ಮಡಿಕೆ ಮಡಿಕೆಯಲ್ಲಿ ಮುಗ್ಗಲು ನಾರುವ ರೇಷ್ಮೆ ಸೀರೆ, ಚರ್ಮದ ಚಪ್ಪಲಿಯ ಮೇಲೆ ಬೆಕ್ಕಿನ ರೋಮದಂತೆ ಎದ್ದ ಹಸುರು ಬೂಸರು, ಬೆನ್ನು ಬಿಟ್ಟುಕೊಂಡ ಪುಸ್ತಕಗಳು, ನೀರೊಡೆದು ಭರಣಿಯ ತಳಕ್ಕಿಳಿದ ಉಪ್ಪು. ನೂರಕ್ಕೆ 95ರಷ್ಟು ತೇವ ತುಂಬಿದ ಇಪ್ಪತ್ತೊಂದು ಡಿಗ್ರಿಯ ಗಾಳಿಯನ್ನು ಇಪ್ಪತ್ತಾರಕ್ಕೆ ಕಾಯಿಸಿದರೆ, ಒಂದು ಹನಿ ನೀರನ್ನೂ ತೆಗೆಯದೆಯೇ ಅದರ ತೇವಾಂಶವು 70ರ ಸುಮಾರಿಗಿಳಿಯುವುದು; ಬಿಸಿಗಾಳಿಗೆ ನೀರನ್ನು ಹಿಡಿಯುವ ಶಕ್ತಿ ಹೆಚ್ಚಾಗಿರುವುದೇ ಇದಕ್ಕೆ ಕಾರಣ. ಬಚ್ಚಲ ಒಲೆಯೂ ಇದನ್ನು ಮಾಡುವುದುಂಟು, ಬಚ್ಚಲಿನಲ್ಲಿ. ಆಯಿಯು ಮಲಗುವುದು ಬಚ್ಚಲಿನಲ್ಲಲ್ಲವಷ್ಟೆ.

ಯಂತ್ರವನ್ನು ಕೂರಿಸಿದ ದಿನದ ವೃತ್ತಾಂತವನ್ನು ಇಲ್ಲಿ ಹೇಳಿಬಿಡಬೇಕು, ಏಕೆಂದರೆ ಪ್ರತಿಪಕ್ಷದವರಿಗೆ ಆಯುಧವನ್ನು ಒದಗಿಸಿದ ದಿನವದು. ನಮ್ಮದು ಒಂದೂವರೆ ಅಡಿ ದಪ್ಪದ ಜಂಬಿಟ್ಟಿಗೆಯ ಗೋಡೆ. ಪೈಪು ಹಾಯಲು ಮೂರು ಬೆರಳಗಲದ ತೂತನ್ನು ಕೊರೆಯಬೇಕಾಗಿದ್ದಿತು. ಪೇಟೆಯಿಂದ ಬಂದ ಮೆಕ್ಯಾನಿಕನು ಕೊರೆದನು. ಕೆಂಪು ಹಿಟ್ಟು ಕೋಣೆಯನ್ನೆಲ್ಲ ತುಂಬಿ, ದೇವರ ಕೋಣೆಯ ಹೊಸಿಲಿನವರೆಗೂ ಹರಡಿ, ಮಳೆಯ ತೇವಕ್ಕೆ ಕುಂಕುಮದಂತೆ ಅಂಟಿಕೊಂಡಿತು. ಆ ತೂತು ಒಳಗಿನಿಂದ ಹೊರಕ್ಕೆ ತುಸು ಇಳಿಜಾರಾಗಿರಬೇಕು. ಇದು ಮಾಡು ಕಟ್ಟುವವನಿಂದ ಹಿಡಿದು ತೋಟದ ಬಸಿಗಾಲುವೆ ತೆಗೆಯುವವನವರೆಗೆ ಎಲ್ಲರೂ ಬಲ್ಲ ನ್ಯಾಯ. ಆದರೆ ನಮ್ಮ ಮೆಕ್ಯಾನಿಕನು ಅದನ್ನು ಒಳಮುಖವಾಗಿಯೇ ಕೊರೆದುಹೋಗಿದ್ದನು. ಮೂರನೆಯ ದಿನದ ಇರಿಚಲು ಮಳೆಗೆ ಆಯಿಯ ತಲೆದಿಂಬಿನ ಮೇಲೆ ಕೆಂಪು ನೀರಿಳಿಯಿತು. ಮರುದಿನ ಬಂದ ಇನ್ನೊಬ್ಬನು ತೂತಿನ ಬಾಯನ್ನು ಕೆತ್ತಿ ಓರೆಯನ್ನು ತಿದ್ದಿ, ಸುತ್ತಲೂ ಸಿಮೆಂಟು ತುಂಬಿ, ಗ್ಯಾಸನ್ನು ಮತ್ತೆ ಹೊರಗಿನ ಪೆಟ್ಟಿಗೆಗೆ ಎಳೆದಿಟ್ಟು, ಪೈಪಿನೊಳಗಿನ ಗಾಳಿಯನ್ನೂ ಪಸೆಯನ್ನೂ ಪಂಪಿನಿಂದ ಹೀರಿ ತೆಗೆಯುತ್ತ ಇಪ್ಪತ್ತು ನಿಮಿಷ ಒಂದು ಮಾತನ್ನೂ ಆಡದೆ ಮುಳ್ಳಿನ ಕಡೆಗೇ ನೋಡುತ್ತ ಕುಳಿತನು. ಅವನು ಮುಳ್ಳನ್ನು ನೋಡುತ್ತಿದ್ದ ಆ ಬಗೆಯನ್ನು ಕಂಡ ಮೇಲೆ ನನಗೆ ಯಂತ್ರದಲ್ಲಿ ನಂಬಿಕೆ ಬಂದಿತು. ಭಾವನವರು ಮಾತ್ರ ಈಗಲೂ ಕೆಂಪು ನೀರಿನ ಕಥೆಯನ್ನೇ ಹೇಳುತ್ತಾರೆ. ಒಲೆಯಿಂದ ಸಿಡಿದ ಕಿಡಿಗೆ ಸೋಗೆಯ ಮಾಡು ಹೊತ್ತಿ ಹೋದ ಕಥೆಗಳು ಈ ಸೀಮೆಯಲ್ಲಿ ಎಷ್ಟಿಲ್ಲ? ಅದರಿಂದ ಬೆಂಕಿಯೇ ಕೂಡದೆಂದು ಯಾರೂ ತೀರ್ಮಾನಿಸಿದಂತಿಲ್ಲ.

ಇನ್ನು ಪುಕ್ಕಟೆ ಸೌದೆಯ ವಿಚಾರ. ಈ ಮಾತನ್ನು ನನಗೆ ಹೇಳಿದವರೆಲ್ಲರೂ ಗಂಡಸರು. ಅವರಲ್ಲಿ ಒಬ್ಬರಾದರೂ ಆಷಾಢದ ಬೆಳಗಿನ ಜಾವ ಐದು ಗಂಟೆಗೆದ್ದು, ಹಸಿ ಹಿಡಿದ ಸೌದೆಗೆ ಸೀಮೆಎಣ್ಣೆಯ ಚಿಂದಿಯನ್ನು ತುರುಕಿ, ಊದುಕೊಳವೆಯಿಂದ ಊದಿ ಊದಿ ಹಂಡೆಯ ನೀರು ಕಾಯಿಸಿದವರಲ್ಲ. ಬಚ್ಚಲ ಒಲೆಯ ಸುಖವನ್ನು ಬಣ್ಣಿಸುವವನು ಆ ಒಲೆ ಹೊತ್ತಿಕೊಂಡ ಮೇಲೆ ಬಂದು ಕೂತವನು. ಹೊತ್ತಿಸಿದ ನನ್ನ ಅತ್ತಿಗೆಯ ಕೆಂಪು ಕಣ್ಣುಗಳೂ ಅವರ ಕೆಮ್ಮೂ ಯಾವ ಲೆಕ್ಕದ ಪುಸ್ತಕದಲ್ಲಿ ನಮೂದಾಗಿವೆ? ಸೌದೆಯು ಬೆಟ್ಟದಿಂದ ತಾನಾಗಿಯೇ ನಡೆದು ಬರುವುದಿಲ್ಲ. ಕಡಿಯುವವರು, ಹೊರುವವರು, ಸೀಳುವವರು, ಮಳೆಗೆ ಮುಂಚೆ ಕೊಟ್ಟಿಗೆಯಲ್ಲಿ ಪೇರಿಸುವವರು, ಇವರಾರ ಬೆವರಿಗೂ ಬೆಲೆ ಕಟ್ಟದಿದ್ದರೆ ಮಾತ್ರ ಅದು ಪುಕ್ಕಟೆ. ತಾನು ಕೊಡದ ಬೆಲೆಯನ್ನು ಬೆಲೆಯೇ ಅಲ್ಲವೆನ್ನುವ ಗಣಿತವು ಎಷ್ಟು ಪ್ರಾಚೀನವೋ ಅಷ್ಟೇ ಕ್ರೂರ.

ಆ ಬೆಲೆ ಕೆಲವೊಮ್ಮೆ ಬೆವರಿಗಿಂತ ಹೆಚ್ಚಿನದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಉಣುಗಿನ ಕಡಿತದಿಂದ ಹರಡುವುದು; ಡಿಸೆಂಬರಿನಿಂದ ಮೇ ತಿಂಗಳವರೆಗೆ ಅದರ ಕಾಲ. ಸೌದೆಗೂ ತರಗೆಲೆಗೂ ನಮ್ಮವರು ಕಾಡು ಹೊಗುವುದು ಸರಿಯಾಗಿ ಆ ತಿಂಗಳುಗಳಲ್ಲಿಯೇ. 2019ರಲ್ಲಿ ಇದೇ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಮನೆ ಮನೆಯಲ್ಲಿ ಜ್ವರ ಹಿಡಿದು ಜನ ಸತ್ತುದನ್ನು ನಾವು ಮರೆತೆವೆ? ಅಂದು ಅಧಿಕಾರಿಗಳು ಮೈಗೆ ತೈಲ ಹಚ್ಚಿಕೊಂಡು ಕಾಡಿಗೆ ಹೋಗಿರೆಂದು ಉಪದೇಶಿಸಿದರು. ಕಾಡಿಗೆ ಹೋಗುವ ಅಗತ್ಯವನ್ನೇ ಒಂದಿಷ್ಟು ಕಡಿಮೆ ಮಾಡೋಣವೆಂಬ ಮಾತು ನನ್ನ ಕಿವಿಗೆ ಬಿದ್ದಿಲ್ಲ.

ಒಲೆಯ ಪರವಾಗಿ ಸತ್ಯವಾದ ಮಾತೊಂದಿದೆ. ಅದನ್ನು ನುಂಗಿದರೆ ನಾನು ಕಪಟಿಯಾದೇನು. ಹೊಗೆಯಾಡುವ ಮಾಡಿನ ಪಕಾಸಿಗಳಿಗೆ ಹುಳು ಹಿಡಿಯುವುದಿಲ್ಲ, ಅಟ್ಟದ ಮೇಲಿಟ್ಟುದು ಕೆಡುವುದಿಲ್ಲ. 1974ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು ಆರಂಭಿಸಿದ ಅಸ್ತ್ರ ಕೇಂದ್ರದವರು ಮುಂದೆ ಸೌದೆಯನ್ನು ಉಳಿಸುವ, ಹೊಗೆಯನ್ನು ಕೊಳವೆಯಿಂದ ಹೊರಕ್ಕಟ್ಟುವ ಅಸ್ತ್ರ ಒಲೆಯನ್ನು ರೂಪಿಸಿದಾಗ, ಹೊಗೆ ಹೋದರೆ ಮಾಡಿನ ಗತಿಯೇನೆಂದು ನನ್ನ ತಂದೆಯವರೇ ಕೇಳಿದ್ದರು. ಪ್ರಶ್ನೆ ಸರಿಯಾದುದೇ. ಆದರೆ ಪಕಾಸಿಯು ಬಾಳಲೆಂದು ಹೆಂಗಸಿನ ಶ್ವಾಸಕೋಶವನ್ನು ಒತ್ತೆಯಿಡುವುದಕ್ಕಿಂತ ಪಕಾಸಿಗೆ ಗೇರೆಣ್ಣೆ ಬಳಿಯುವುದು ಅಗ್ಗವೆಂದು ಯಾರೂ ಅವರಿಗೆ ಹೇಳಲಿಲ್ಲ.

ಹಿರಿಯರ ಹೆಸರಿನ ಆ ಬ್ರಹ್ಮಾಸ್ತ್ರವು ವರದಹಳ್ಳಿಯಲ್ಲಿ ಇನ್ನಷ್ಟು ಹರಿತವಾದುದು. ಶ್ರೀಧರಸ್ವಾಮಿಗಳು ತಪಸ್ಸು ಮಾಡಿ, 1973ರಲ್ಲಿ ದೇಹವಿಟ್ಟ ನೆಲವಿದು. ಅಂಥವರ ಗುಡ್ಡದ ಬುಡದಲ್ಲಿ ನಿಂತು ಬಿಸಿಗಾಳಿಯ ಮಾತಾಡಲು ನಾಚಿಕೆಯಾಗದೆ ಎಂದು ಹಿರಿಯರೊಬ್ಬರು ಕೇಳಿದರು. ಶೀತೋಷ್ಣಗಳನ್ನು ಸಮನಾಗಿ ಕಾಣುವುದು ಮಹಾಗುಣವೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ತಿತಿಕ್ಷೆಯೆಂಬುದು ತನ್ನ ದೇಹದ ಮೇಲೆ ತಾನು ಸಾಧಿಸತಕ್ಕ ವ್ರತ. ಅನ್ಯರ ದೇಹದ ಮೇಲೆ ಹೇರಿದಾಗ ಅದಕ್ಕೆ ಬೇರೆ ಹೆಸರುಂಟು. ಸಂನ್ಯಾಸಿಯು ಚಳಿಯನ್ನು ತಾನಾಗಿ ವರಿಸಿದನು. ಗಂಟು ಬಾತ ಬೆರಳುಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಬೆಳಗಾಗುವುದನ್ನೇ ಕಾಯುವ ಮುದುಕಿಯು ಏನನ್ನೂ ವರಿಸಲಿಲ್ಲ. ಹಾಗೆ ಕೇಳಿದ ಹಿರಿಯರು ಸ್ವೆಟರು, ಅದರ ಮೇಲೆ ಶಾಲು, ಅದರ ಮೇಲೆ ಕಂಬಳಿ ಹೊದ್ದಿದ್ದರೆಂಬುದನ್ನು ಕೇವಲ ಪ್ರಾಸಂಗಿಕವಾಗಿ ಹೇಳುತ್ತಿದ್ದೇನೆ.

ವಿದ್ಯುತ್ತು ಪೇಟೆಯವರ ವಸ್ತು, ಸೌದೆ ನಮ್ಮ ವಸ್ತು ಎಂಬ ಭಾವನೆಯಂತೂ ಈ ಸೀಮೆಯಲ್ಲಿ ಹುಟ್ಟಬಾರದಾಗಿದ್ದ ಭಾವನೆ. 1948ರಲ್ಲಿ ಜೋಗದ ವಿದ್ಯುದಾಗಾರ ತಿರುಗತೊಡಗಿತು. 1964ರಲ್ಲಿ ಲಿಂಗನಮಕ್ಕಿಯ ಕಟ್ಟೆ ಎದ್ದು ಸಾಗರ ಹೊಸನಗರಗಳ ಗದ್ದೆ, ತೋಟ, ಮನೆ, ಗುಡಿಗಳನ್ನು ಶರಾವತಿಯ ಹಿನ್ನೀರು ನುಂಗಿತು. ಲಾರಿಗಳಲ್ಲಿ ಪಾತ್ರೆ ಪಗಡೆ, ದನ ಕರುಗಳೊಡನೆ ಹೊರಟವರ ಮೊಮ್ಮಕ್ಕಳು ಇಂದಿಗೂ ತಮ್ಮ ನೆಲದ ಹಕ್ಕುಪತ್ರಕ್ಕಾಗಿ ಅಲೆಯುತ್ತಿದ್ದಾರೆ. 1035 ಮೆಗಾವಾಟಿನ ಶರಾವತಿ ವಿದ್ಯುದಾಗಾರದ ತಂತಿಗಳು ನಮ್ಮ ತಲೆಯ ಮೇಲೆಯೇ ಹಾದು ದೂರದ ಊರುಗಳ ಕಚೇರಿಗಳನ್ನು ತಂಪಾಗಿಡುತ್ತಿರುವಾಗ, ಕಣಿವೆಯನ್ನು ಕೊಟ್ಟವನು ತನ್ನ ತಾಯಿಯ ಕೋಣೆಗೆ ಅರ್ಧ ಯೂನಿಟ್ ಬಳಸಿದರೆ ಅದು ವಿಲಾಸವೆ? ಇದನ್ನು ಪರರು ಹೇಳಿದರೆ ಅನ್ಯಾಯವೆನ್ನಬಹುದು. ನಾವೇ ಹೇಳಿಕೊಳ್ಳುತ್ತಿರುವುದಕ್ಕೆ ಏನೆನ್ನೋಣ?

ಯಂತ್ರದ ದೋಷಗಳನ್ನು ನಾನು ಬಲ್ಲೆ. ಮರ ಬಿದ್ದು ತಂತಿ ಹರಿದು ಎರಡು ದಿನ ಕರೆಂಟು ಹೋದಾಗ ಅದು ಗೋಡೆಯ ಮೇಲಿನ ಬಿಳಿಯ ಪೆಟ್ಟಿಗೆ ಮಾತ್ರ. ವೋಲ್ಟೇಜು ಕುಸಿದಾಗ ಸ್ಟೆಬಿಲೈಸರ್ ಟಕ್ಕೆಂದು ಸದ್ದುಮಾಡಿ ಅದನ್ನು ಮಲಗಿಸಿಬಿಡುವುದು. ಒಳಗಿನ ಗ್ಯಾಸು ಸೋರಿ ಆಕಾಶ ಸೇರಿದರೆ ಇಂಗಾಲಾಮ್ಲಕ್ಕಿಂತ ನೂರಾರು ಪಾಲು ಕೇಡು ಮಾಡುವುದಾದುದರಿಂದ, ಬಿಗಿಯುವವನ ಕೈ ಶುದ್ಧವಾಗಿರಬೇಕು. ಮುಚ್ಚಿಗೆಯಿಲ್ಲದೆ ಬರಿಯ ಹಂಚಿನ ಮಾಡಿರುವ ಕೋಣೆಗೆ ಇದನ್ನು ಹಾಕಿಸಿದವನು ಆಕಾಶವನ್ನೇ ಕಾಯಿಸಹೊರಟಂತೆ. ಆದುದರಿಂದ ನಮ್ಮ ಬಚ್ಚಲ ಒಲೆಯನ್ನು ನಾನು ಒಡೆಸಿಲ್ಲ. ಸಿಪ್ಪೆಯಿರುವವರೆಗೆ ಹಂಡೆ ಕಾಯುವುದು. ಆದರೆ ಬೆಳಗಿನ ಊದುಕೊಳವೆ ಈ ವರ್ಷದಿಂದ ನನ್ನ ಕೈಯಲ್ಲಿದೆ, ಮತ್ತು ಪುಕ್ಕಟೆ ಸೌದೆಯ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಅಂದಿನಿಂದ ಬಹಳ ಸ್ಪಷ್ಟವಾಗಿವೆ.

ಇಷ್ಟೆಲ್ಲವನ್ನೂ ಭಾವನವರಿಗೆ ಹೇಳಿದೆನು. ಅವರು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು, ಒಪ್ಪಲಿಲ್ಲ. ಆಯಿಯನ್ನು ಮಾತಾಡಿಸಲೆಂದು ಅವರು ಒಳಗೆ ಹೋದಾಗ ಕೋಣೆಯಲ್ಲಿ ಸದ್ದಿರಲಿಲ್ಲ. ಪೆಟ್ಟಿಗೆಯ ದೀಪ ಆರಿತ್ತು. ಕರೆಂಟು ಹೋಯಿತೇನೋ ಎಂದು ನಾನು ನಡುಮನೆಯ ಫ್ಯಾನನ್ನು ನೋಡಿದೆನು, ತಿರುಗುತ್ತಿದ್ದಿತು. ಆಯಿಯು ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು, ಚಳಿಯೇನೂ ಇಲ್ಲವೆಂದೂ, ಮಗನಿಗೆ ಹಟವೆಂದೂ, ತನಗೆ ಇದೆಲ್ಲ ಯಾಕೆಂದೂ ಭಾವನವರೊಡನೆ ಬಹಳ ಹೊತ್ತು ಮಾತಾಡಿದರು. ಕೊಡೆ ಬಿಚ್ಚಿದ ಸದ್ದು ಅಂಗಳದಿಂದ ಕೇಳಿ, ಭಾವನವರು ತಡಮೆ ದಾಟಿದ ಮೇಲೆ, ಆಯಿಯು ದಿಂಬಿನ ಕೆಳಗಿನಿಂದ ರಿಮೋಟನ್ನು ತೆಗೆದು ನನ್ನ ಕೈಗೆ ಕೊಟ್ಟು ಕೇಳಿದರು: “ಹೋದ್ರಾ? ಹಾಗಾದ್ರೆ ಹಾಕು.”